ಯಾವ ಲಿಂಕ್‌ನಿಂದ ರ‍್ಯಾಂಕಿಂಗ್ ಏರುತ್ತದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ಗೂಗಲ್‌ನಲ್ಲಿ ಎರಡನೇ ಪುಟದಿಂದ ಮೇಲೆ ಏಳುತ್ತಿಲ್ಲ. ಬೇರೆ ಸೈಟ್‌ಗಳಿಂದ ನಮಗೆ ಸಿಕ್ಕಿರುವ ಲಿಂಕ್‌ಗಳಲ್ಲಿ ಹೆಚ್ಚಿನವು ನೋಫಾಲೋ (ಈ ಲಿಂಕ್‌ಗೆ ನಮ್ಮ ಶಿಫಾರಸು ಇಲ್ಲ ಅಂತ ಗೂಗಲ್‌ಗೆ ಹೇಳುವ ಗುರುತು ಇರುವವು). ಅವು ದಂಡವಾ? "ಬ್ಯಾಕ್‌ಲಿಂಕ್ (ಬೇರೆ ಸೈಟ್‌ನಿಂದ ನಿಮ್ಮದಕ್ಕೆ ಲಿಂಕ್) ಕೊಡುತ್ತೇವೆ, ಡೊಮೇನ್ ಅಥಾರಿಟಿ ಏರಿಸುತ್ತೇವೆ" ಅಂತ ಮೇಲ್ ಮೇಲೆ ಮೇಲ್ ಬರುತ್ತಿದೆ. ದುಡ್ಡು ಕೊಟ್ಟು ತಗೊಳ್ಳಬಹುದಾ?

ಒಬ್ಬರು: ದಂಡ ಅನ್ನಬೇಡಿ. ನೋಫಾಲೋ ಬಂದಿದ್ದು 2005ರಲ್ಲಿ, ಕಾಮೆಂಟ್‌ಗಳಲ್ಲಿ ಲಿಂಕ್ ತುರುಕುವವರ ಕಾಟ ತಡೆಯಲು. ಆಗ ಆ ಗುರುತು ಇದ್ದರೆ ಗೂಗಲ್ ಆ ಲಿಂಕನ್ನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ. 2019ರಲ್ಲಿ ಇದನ್ನು ಸಡಿಲಿಸಿದರು. ಈಗ ಅದು ಬರೀ ಸುಳಿವು, ತಗೊಳ್ಳುವುದು ಬಿಡುವುದು ಗೂಗಲ್‌ಗೆ ಬಿಟ್ಟಿದ್ದು. ಜೊತೆಗೆ ಇನ್ನೆರಡು ಗುರುತು ಬಂದವು: ದುಡ್ಡು ಕೊಟ್ಟ ಲಿಂಕ್‌ಗೆ ಸ್ಪಾನ್ಸರ್ಡ್, ಓದುಗರು ಹಾಕಿದ್ದಕ್ಕೆ ಯುಜಿಸಿ. ಅದಿರಲಿ, ನೋಫಾಲೋ ಲಿಂಕನ್ನೂ ಜನ ಒತ್ತಿ ಬರುತ್ತಾರಲ್ಲ. ಹಾಗೆ ಬಂದವರಲ್ಲೇ ಯಾರೋ ತಮ್ಮ ಸೈಟ್‌ನಲ್ಲಿ ಬರೆದು ಮಾಮೂಲಿ ಲಿಂಕ್ ಕೊಟ್ಟಿದ್ದನ್ನು ನೋಡಿದ್ದೇನೆ.

ಇನ್ನೊಬ್ಬರು: ಕೊಳ್ಳಬೇಡಿ. ಡೊಮೇನ್ ಅಥಾರಿಟಿ ಅನ್ನುವುದು ಮಾಜ್ ಅನ್ನುವ ಕಂಪನಿ ಸೈಟ್‌ಗಳಿಗೆ ತಾನೇ ಕೊಡುವ ಅಂಕ, ಗೂಗಲ್ ಅದನ್ನು ನೋಡುವುದೇ ಇಲ್ಲ. ಲಿಂಕ್ ಮಾರುವವರು ಕಳಿಸುವ "ಸ್ಯಾಂಪಲ್" ಸೈಟ್ ತೆರೆದು ನೋಡಿ. ಗಿಡದ ಬಗ್ಗೆ ಒಂದು ಲೇಖನ, ಪಕ್ಕದಲ್ಲೇ ಆನ್‌ಲೈನ್ ಜೂಜು, ಅದರ ಕೆಳಗೆ ಸಾಲ, ಕೂದಲು ಕಸಿ. ಬರೆದವರ ಹೆಸರಿಲ್ಲ. ಪ್ರತಿ ಲೇಖನದ ಮಧ್ಯೆ ಹೊರಗಿನ ಸೈಟ್‌ಗೆ ಒಂದು ಲಿಂಕ್, ಅದರ ಪದವೂ "ಕಡಿಮೆ ಬೆಲೆಯ ಇಂಥದ್ದು" ಅನ್ನುವ ಧಾಟಿಯದೇ. ನಮಗೇ ಇಷ್ಟು ಬೇಗ ಗೊತ್ತಾಗುತ್ತದೆ ಅಂದರೆ ಗೂಗಲ್‌ಗೆ ಗೊತ್ತಾಗಲ್ವಾ?

2012ರಲ್ಲಿ ಪೆಂಗ್ವಿನ್ (ಕೃತಕ ಲಿಂಕ್‌ಗಳನ್ನು ಹಿಡಿಯಲು ಗೂಗಲ್ ತಂದ ಬದಲಾವಣೆ) ಬಂದಾಗ ಇಂಥ ಲಿಂಕ್ ಇದ್ದ ಸೈಟ್‌ಗಳೇ ಕೆಳಗೆ ಹೋದವು. 2016ರ ನಂತರ ಹೆಚ್ಚಾಗಿ ಆಗುವುದು ಬೇರೆ: ಗೂಗಲ್ ಆ ಲಿಂಕ್‌ಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತದೆ, ದುಡ್ಡು ಹೋಯಿತು ಅಷ್ಟೇ. ಗ್ರಹಚಾರ ಕೆಟ್ಟರೆ ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸಾಧನ) ಮ್ಯಾನ್ಯುಯಲ್ ಆ್ಯಕ್ಷನ್, ಅಂದರೆ ಗೂಗಲ್ ಸಿಬ್ಬಂದಿಯೇ ನೋಡಿ ಹಾಕುವ ಶಿಕ್ಷೆ, ಬಂದು ಕೂರುತ್ತದೆ. ಅದನ್ನು ತೆಗೆಸುವ ಕೆಲಸ ನಾನು ಬೇರೆಯವರಿಗೆ ಮಾಡಿಕೊಟ್ಟಿದ್ದೇನೆ. ಲಿಂಕ್ ಹಾಕಲು ದುಡ್ಡು ತಗೊಂಡವರು, ತೆಗೆಯಲೂ ದುಡ್ಡು ಕೇಳುತ್ತಾರೆ!

ಮತ್ತೊಬ್ಬರು: ಎಲ್ಲರೂ ಹೊರಗಿನ ಲಿಂಕ್ ಬಗ್ಗೆಯೇ ಹೇಳುತ್ತಿದ್ದೀರಿ. ಎರಡನೇ ಪುಟದಲ್ಲಿ ಇದ್ದಾರೆ ಅಂದರೆ ಸೈಟ್ ತೀರಾ ಕಡೆಗಣಿಸುವಂಥದ್ದಲ್ಲ. ಮೊದಲು ನಿಮ್ಮ ಕೈಯಲ್ಲೇ ಇರುವ ಒಳಗಿನ ಲಿಂಕ್ ಸರಿಮಾಡಿ. ನಾನು ನೋಡಿದ ಎಷ್ಟೋ ಸೈಟ್‌ಗಳಲ್ಲಿ ಒಳ್ಳೆಯ ಪುಟಗಳಿಗೆ ಬೇರೆ ಯಾವ ಪುಟದಿಂದಲೂ ದಾರಿಯೇ ಇರುವುದಿಲ್ಲ. ಸೈಟ್‌ಮ್ಯಾಪ್‌ನಲ್ಲಿ (ಸೈಟ್‌ನ ಪುಟಗಳ ಪಟ್ಟಿ) ಇದೆ, ಅಷ್ಟೇ. ನಿಮ್ಮ ಹೆಚ್ಚು ಓದಿಸಿಕೊಳ್ಳುವ ಲೇಖನದಲ್ಲಿ, ವಾಕ್ಯದ ಮಧ್ಯೆ, ಆ ಪುಟಕ್ಕೆ ಲಿಂಕ್ ಕೊಡಿ. "ಇಲ್ಲಿ ಕ್ಲಿಕ್ ಮಾಡಿ" ಅಂತ ಅಲ್ಲ. "ಎಲೆ ಹಳದಿಯಾದರೆ ಏನು ಮಾಡಬೇಕು" ಅಂತ. ಆ ಪುಟದಲ್ಲಿ ಏನಿದೆ ಅಂತ ಗೂಗಲ್ ತಿಳಿಯುವುದರಲ್ಲಿ ಆ ಪದಗಳಿಗೂ ಪಾಲಿದೆ. ಚಿತ್ರಕ್ಕೆ ಲಿಂಕ್ ಕೊಟ್ಟಿದ್ದರೆ ಅದರ ಆಲ್ಟ್ ಪಠ್ಯ (ಚಿತ್ರದಲ್ಲಿ ಏನಿದೆ ಅಂತ ಕೋಡ್‌ನಲ್ಲಿ ಬರೆಯುವ ವಿವರಣೆ) ಆ ಕೆಲಸ ಮಾಡುತ್ತದೆ, ಖಾಲಿ ಬಿಡಬೇಡಿ. ಬಟನ್ ಒತ್ತಿದರೆ ಜಾವಾಸ್ಕ್ರಿಪ್ಟ್‌ನಿಂದ ಪುಟ ತೆರೆಯುವಂತೆ ಮಾಡಿದ್ದರೆ ಗೂಗಲ್ ಅದನ್ನು ಹಿಂಬಾಲಿಸುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ.

ಒಂದು ಬುದ್ಧಿವಂತಿಕೆ ಮಾತ್ರ ಬೇಡ: "ನಮ್ಮ ಬಗ್ಗೆ", "ಸಂಪರ್ಕಿಸಿ" ಪುಟಗಳ ಲಿಂಕ್‌ಗೆ ನೋಫಾಲೋ ಹಾಕಿ ಉಳಿದ ಪುಟಗಳಿಗೆ ಜಾಸ್ತಿ ಬಲ ಸಿಗಲಿ ಅನ್ನುವುದು. ಆ ಪಾಲು ಬೇರೆಯವಕ್ಕೆ ಹೋಗುವುದಿಲ್ಲ, ಸುಮ್ನೆ ಕರಗುತ್ತದೆ ಅಂತ 2009ರಲ್ಲೇ ಗೂಗಲ್‌ನವರು ಹೇಳಿದ್ದರು.

ಕೇಳಿದವರು: ಸರ್ಚ್ ಕನ್ಸೋಲ್‌ನ ಲಿಂಕ್ಸ್ ವರದಿ ತೆರೆದೆ. ಕೆಲವು ಒಳ್ಳೆಯ ಸೈಟ್‌ಗಳು ನಮ್ಮ ಹಳೆಯ ವಿಳಾಸಗಳಿಗೆ ಲಿಂಕ್ ಕೊಟ್ಟಿವೆ, ಈಗ ಅವು 404 (ಪುಟ ಸಿಗಲಿಲ್ಲ) ತೋರಿಸುತ್ತವೆ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಲಾ? ಗುರುತು ಪರಿಚಯ ಇಲ್ಲದ ಸೈಟ್‌ಗಳೂ ತುಂಬಾ ಇವೆ, ಡಿಸಾವೋ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ತಗೊಳ್ಳಬೇಡಿ ಅಂತ ಗೂಗಲ್‌ಗೆ ಹೇಳುವುದು) ಮಾಡಲಾ?

ಮತ್ತೊಬ್ಬರು: ನೋಡಿ, ಕೊಳ್ಳದೆಯೇ ಲಿಂಕ್ ಸಿಕ್ಕಿತು! ಎಲ್ಲವನ್ನೂ ಮುಖಪುಟಕ್ಕೆ ಕಳಿಸಬೇಡಿ, ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟ, ಅಂತ ಎಣಿಸಬಹುದು. ಒಂದೊಂದನ್ನೂ ಅದೇ ವಿಷಯದ ಈಗಿನ ಪುಟಕ್ಕೆ 301 (ಶಾಶ್ವತವಾಗಿ ತಿರುಗಿಸುವುದು) ಮಾಡಿ. ಅಂಥ ಪುಟ ಇಲ್ಲದಿದ್ದರೆ ಹಳೆಯದನ್ನೇ ಮತ್ತೆ ಬರೆದು ಅದೇ ವಿಳಾಸದಲ್ಲಿ ಹಾಕಿ. ಡಿಸಾವೋ ತಂಟೆಗೆ ಹೋಗಬೇಡಿ. ನೀವು ಲಿಂಕ್ ಕೊಂಡಿಲ್ಲ, ಮ್ಯಾನ್ಯುಯಲ್ ಆ್ಯಕ್ಷನ್ನೂ ಬಂದಿಲ್ಲ ಅಲ್ವಾ? ಹಾಗಾದರೆ ಆ ಕಸವನ್ನು ಗೂಗಲ್ ತಾನೇ ಬದಿಗಿಡುತ್ತದೆ.