ಇಜಿಎಫ್‌ಪಿ: ಪೆಲೆಟ್ ಹಸಿರು, ಸ್ಲೈಡ್ ಮಾತ್ರ ಕತ್ತಲೆ

ಸೂಕ್ಷ್ಮಜೀವಿ_ದಾವಣಗೆರೆ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಬಿಎಲ್21 ಡಿಇ3 ತಳಿಯ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಪಿಇಟಿ ವೆಕ್ಟರ್ (ಜೀನ್ ಒಯ್ಯುವ ಡಿಎನ್‌ಎ ಉಂಗುರ) ಹಾಕಿ ಇಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಮಾಡಿಸುತ್ತಿದ್ದೇವೆ. ಎಲ್‌ಬಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), 37 °ಸೆ., ಒಡಿ (ಕಲ್ಚರಿನ ಸಾಂದ್ರತೆಯ ಅಳತೆ) 0.6 ಆದಾಗ 1 ಮಿಲಿಮೋಲಾರ್ ಐಪಿಟಿಜಿ (ಪ್ರೋಟೀನ್ ತಯಾರಿ ಶುರು ಮಾಡಿಸುವ ರಾಸಾಯನಿಕ), ಆಮೇಲೆ 4 ಗಂಟೆ. 100 ಮಿಲಿ ಫ್ಲಾಸ್ಕಿನಲ್ಲಿ 60 ಮಿಲಿ ಕಲ್ಚರ್.

ನೀಲಿ ಎಲ್‌ಇಡಿ ಬೆಳಕಿನಲ್ಲಿ ಪೆಲೆಟ್ (ತಳದಲ್ಲಿ ಕೂರಿಸಿದ ಕೋಶಗಳ ಗಟ್ಟಿ) ತಿಳಿಹಸಿರು. ಕೋಶಗಳನ್ನು ಮೆಥನಾಲಿನಲ್ಲಿ ಫಿಕ್ಸ್ ಮಾಡಿ (ಇದ್ದ ಹಾಗೇ ಸ್ಥಿರಗೊಳಿಸಿ), ಕವರ್‌ಸ್ಲಿಪ್ ಅಂಚಿಗೆ ನೇಲ್ ಪಾಲಿಶ್ ಹಚ್ಚಿ ನೋಡಿದರೆ ಏನೂ ಇಲ್ಲ. ಫಿಕ್ಸ್ ಮಾಡದೆ ನೋಡಿದರೆ ಕೋಶದ ತುದಿಯಲ್ಲಿ ಒಂದೊಂದು ಚುಕ್ಕೆ, ಸುತ್ತಲೂ ಹಸಿರು ಮಬ್ಬು. 365 ನ್ಯಾನೋಮೀಟರ್ ಯುವಿ ಟಾರ್ಚಿನಲ್ಲಿ ಪೆಲೆಟ್ ಕೂಡ ಹೊಳೆಯಲ್ಲ, ಹಾಗಾಗಿ ಪ್ರೋಟೀನೇ ಬಂದಿಲ್ಲ ಅಂತ ಗೈಡ್ ಅನುಮಾನ. ತಪ್ಪು ಎಲ್ಲಿದೆ?

ಕೋಟೆನಾಡು

ಪ್ರೋಟೀನ್ ಬಂದಿದೆ. ಆ ಟಾರ್ಚ್ ನಂಬಬೇಡಿ. ಜೆಲ್ಲಿಮೀನಿನ ಮೂಲ ಜಿಎಫ್‌ಪಿ 395 ನ್ಯಾನೋಮೀಟರ್ ಆಸುಪಾಸಿನ ಬೆಳಕು ಹೀರುತ್ತದೆ, ಅದಕ್ಕೆ ಯುವಿ ಸರಿ. ಇಜಿಎಫ್‌ಪಿಯಲ್ಲಿ 65ನೇ ಸೆರೀನ್ ಇದ್ದ ಜಾಗಕ್ಕೆ ಥ್ರಿಯೋನಿನ್ ಬಂದಿದೆ, ಹೀರುವಿಕೆ 488ಕ್ಕೆ ಸರಿದಿದೆ. ಅದಕ್ಕೆ ನೀಲಿ ಬೆಳಕೇ ಬೇಕು, ನೋಡುವಾಗ ಕಿತ್ತಳೆ ಬಣ್ಣದ ಫಿಲ್ಟರ್ ಇರಬೇಕು.

ನಿಮ್ಮ ಸ್ಲೈಡ್ ಕೆಟ್ಟಿದ್ದು ಮೆಥನಾಲಿನಿಂದ. ಹೊಳೆಯುವ ಭಾಗ, ಅಂದರೆ 65, 66, 67ನೇ ಅಮೈನೋ ಆಮ್ಲಗಳು ಸೇರಿ ಆದದ್ದು, 11 ಬೀಟಾ ಎಳೆಗಳ ಪೀಪಾಯಿಯೊಳಗೆ ಕೂತಿರುತ್ತದೆ. ಮೆಥನಾಲ್, ಅಸಿಟೋನ್ ನೀರೆಳೆದು ಆ ಪೀಪಾಯಿಯ ಆಕಾರ ಕೆಡಿಸುತ್ತವೆ, ಹೊಳಪು ಹೋಗುತ್ತದೆ. ನೇಲ್ ಪಾಲಿಶಿನ ದ್ರಾವಕ ಒಳಗೆ ಇಳಿದರೂ ಅದೇ ಗತಿ.

ಬದಲಿಗೆ 4% ಪ್ಯಾರಾಫಾರ್ಮಾಲ್ಡಿಹೈಡ್. 4 ಗ್ರಾಂ ಪುಡಿಯನ್ನು ಸುಮಾರು 80 ಮಿಲಿ ಪಿಬಿಎಸ್‌ಗೆ (ಫಾಸ್ಫೇಟ್ ಬಫರಿನ ಉಪ್ಪುನೀರು) ಹಾಕಿ 60 °ಸೆ.ಗೆ ಬಿಸಿ ಮಾಡಿ (ಫ್ಯೂಮ್ ಹುಡ್ ಒಳಗೇ), ತಿಳಿಯಾಗುವವರೆಗೆ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಡಿ. ಆರಿದ ಮೇಲೆ ಪಿಎಚ್ 7.4ಕ್ಕೆ ತಂದು, 100 ಮಿಲಿ ಮಾಡಿ, ಸೋಸಿ. ಕೋಶಗಳಿಗೆ 10–15 ನಿಮಿಷ ಸಾಕು. ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ. ಪಿಎಚ್ ಅಸಡ್ಡೆ ಮಾಡಬೇಡಿ: 6ರ ಹತ್ತಿರ ಬಂದರೆ ಇಜಿಎಫ್‌ಪಿಯ ಹೊಳಪು ಅರ್ಧಕ್ಕೆ ಇಳಿಯುತ್ತದೆ. ಗ್ಲುಟರಾಲ್ಡಿಹೈಡ್ ಬೇಡವೇ ಬೇಡ, ಅದು ತಾನೇ ಹೊಳೆಯುತ್ತದೆ.

ಅಂಚಿಗೆ ವ್ಯಾಸಲೀನ್, ಲ್ಯಾನೊಲಿನ್, ಪ್ಯಾರಾಫಿನ್ ಮೇಣ ಸಮತೂಕ ಕರಗಿಸಿ ಹಚ್ಚಿ.

ಚುಕ್ಕೆ ಬರುವುದು 37 ಡಿಗ್ರಿಯಿಂದ. ಇಳಿಸಿ.

ಪ್ಲಾಸ್ಮಿಡ್‌ಪ್ರಿಯ

ಕೊನೇ ಸಾಲಿಗೆ ಒಂದು ತಿದ್ದುಪಡಿ. 37 ಡಿಗ್ರಿಯಲ್ಲೂ ಪ್ರೋಟೀನ್ ಸರಿಯಾದ ಆಕಾರಕ್ಕೆ ಚೆನ್ನಾಗಿ ಮಡಚಿಕೊಳ್ಳಲಿ ಅಂತಲೇ ಇಜಿಎಫ್‌ಪಿಯಲ್ಲಿ 64ನೇ ಫಿನೈಲಅಲನಿನ್ ತೆಗೆದು ಲ್ಯೂಸಿನ್ ಇಟ್ಟಿದ್ದು. ಇಲ್ಲಿ ತೊಂದರೆ ಕೊಡುತ್ತಿರುವುದು ಟಿ7 ಪ್ರಮೋಟರಿನ (ಪಿಇಟಿ ವೆಕ್ಟರಿನಲ್ಲಿ ಜೀನನ್ನು ಚಾಲೂ ಮಾಡುವ ಭಾಗ) ವೇಗ. 1 ಮಿಲಿಮೋಲಾರ್ ಐಪಿಟಿಜಿ ಕೊಟ್ಟರೆ ಮಡಚಿಕೊಳ್ಳುವುದಕ್ಕಿಂತ ಬೇಗ ಪ್ರೋಟೀನ್ ತಯಾರಾಗಿ, ತುದಿಯಲ್ಲಿ ಗುಡ್ಡೆ ಬೀಳುತ್ತದೆ. ಐಪಿಟಿಜಿ 0.1ಕ್ಕೆ ಇಳಿಸಿ, 25 °ಸೆ.ನಲ್ಲಿ ರಾತ್ರಿಯಿಡೀ ಬಿಡಿ. ಎರಡನ್ನೂ ಒಟ್ಟಿಗೆ ಮಾಡಿ.

ಯಾರೂ ಹೇಳದ ಇನ್ನೊಂದು: 100 ಮಿಲಿ ಫ್ಲಾಸ್ಕಿಗೆ 60 ಮಿಲಿ ತುಂಬಿದರೆ ಗಾಳಿಗೆ ಜಾಗ ಎಲ್ಲಿ? ಮಡಚಿಕೊಂಡ ಮೇಲೂ ಆಮ್ಲಜನಕ ಸಿಗದಿದ್ದರೆ ಪ್ರೋಟೀನ್ ಹೊಳೆಯುವುದಿಲ್ಲ. 250 ಮಿಲಿ ಫ್ಲಾಸ್ಕಿಗೆ 50 ಮಿಲಿ ಮೀರಬೇಡಿ, 180–200 ಆರ್‌ಪಿಎಂ.

ಮಬ್ಬು ಎಲ್‌ಬಿಯದು. ಈಸ್ಟ್ ಎಕ್ಸ್‌ಟ್ರ್ಯಾಕ್ಟಿನ ರೈಬೋಫ್ಲೇವಿನ್ ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದೆ. ಕೋಶಗಳನ್ನು ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ಪಿಬಿಎಸ್‌ನಲ್ಲೇ ಮಾಡಿದ 1% ಅಗರೋಸ್ ಪದರದ ಮೇಲೆ 2 ಮೈಕ್ರೋಲೀಟರ್ ಇಟ್ಟು ನೋಡಿ. ನಿಮ್ಮ ಕೆಲಸಕ್ಕೆ ಫಿಕ್ಸ್ ಮಾಡುವ ಅಗತ್ಯವೇ ಇದೆಯಾ ಅಂತ ಮೊದಲು ಯೋಚಿಸಿ.

ಸೂಕ್ಷ್ಮಜೀವಿ_ದಾವಣಗೆರೆ

ಧನ್ಯವಾದ ಸರ್. ನಮ್ಮ ಶೇಕರ್‌ಗೆ ಕೂಲಿಂಗ್ ಇಲ್ಲ. ಏಪ್ರಿಲ್‌ನಲ್ಲಿ 25 ಡಿಗ್ರಿ ಹೇಗೆ? ಮೈಕ್ರೋಸ್ಕೋಪಿಗೆ ಇರುವುದು 100 ವ್ಯಾಟ್ ಮರ್ಕ್ಯುರಿ ಲ್ಯಾಂಪ್, ಮಧ್ಯೆ ಕರೆಂಟ್ ಹೋಗುತ್ತಿರುತ್ತದೆ.

ಹಸಿರುಕಣ್ಣು

ಕೂಲಿಂಗ್ ಇಲ್ಲದ ಶೇಕರ್ ಕೋಣೆಗಿಂತ ತಣ್ಣಗಾಗದು. ಮೋಟಾರಿನ ಬಿಸಿಯೂ ಸೇರಿ ಒಳಗೆ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಪ್ರೋಟೋಕಾಲಿನ ‘ರೂಮ್ ಟೆಂಪರೇಚರ್’ ಅನ್ನುವ ಮಾತಿಗೆ ಬೆಲೆ ಇಲ್ಲ ಬಿಡಿ. ಎಸಿ ಕೋಣೆಗೆ ಶೇಕರ್ ಸಾಗಿಸಿ, ನೀರು ತುಂಬಿದ ಫ್ಲಾಸ್ಕಿನೊಳಗೆ ಥರ್ಮಾಮೀಟರ್ ಇಟ್ಟು ಅಳೆಯಿರಿ. 28 ಸಿಕ್ಕರೂ ನಡೆಯುತ್ತದೆ, ಐಪಿಟಿಜಿ 0.05ಕ್ಕೆ ಇಳಿಸಿ ಅಷ್ಟೆ.

ಮರ್ಕ್ಯುರಿ ಲ್ಯಾಂಪಿನ ಬಲವೆಲ್ಲ 365, 405, 436, 546, 577ರ ಗೆರೆಗಳಲ್ಲಿ. 488ರ ಬಳಿ ಬೆಳಕು ಕಡಿಮೆ, ಆದ್ದರಿಂದ ಇಜಿಎಫ್‌ಪಿಗೆ ಅದು ಅಷ್ಟಕ್ಕಷ್ಟೆ. 470 ನ್ಯಾನೋಮೀಟರ್ ಎಲ್‌ಇಡಿ ಜೋಡಿಸಲು ಸಾಧ್ಯವಾದರೆ ಬೆಳಕಿನ ಚಿಂತೆ, ಕರೆಂಟಿನ ಚಿಂತೆ ಎರಡೂ ತಪ್ಪುತ್ತವೆ. ಅಲ್ಲಿಯವರೆಗೆ ಲ್ಯಾಂಪನ್ನು ಯುಪಿಎಸ್ ಮೇಲೆ ಇಡಿ. ಬಿಸಿ ಇದ್ದಾಗ ಆರಿದರೆ ಕೂಡಲೇ ಹೊತ್ತಿಸಲು ಹೋಗಬೇಡಿ, ಅರ್ಧ ಗಂಟೆ ತಣ್ಣಗಾಗಲಿ. ಹೊತ್ತಿಸಿದ ಮೇಲೂ ಅರ್ಧ ಗಂಟೆಯೊಳಗೆ ಆರಿಸಬೇಡಿ, ಎಲೆಕ್ಟ್ರೋಡ್ ಸವೆಯುತ್ತದೆ. ಗಂಟೆ ಲೆಕ್ಕ ಬರೆದಿಡಿ: ಅವಧಿ ಮೀರಿದ ಲ್ಯಾಂಪ್ ಒಡೆದರೆ ಕೋಣೆಯಲ್ಲಿ ಪಾದರಸದ ಆವಿ.

ಫಿಲ್ಟರ್ ಸೆಟ್ 470/40 (ಒಳಹೋಗುವ ಬೆಳಕಿಗೆ), ಡೈಕ್ರೋಯಿಕ್ 495 (ಎರಡನ್ನೂ ಬೇರ್ಪಡಿಸುವ ಕನ್ನಡಿ), 525/50 (ಹೊರಬರುವ ಬೆಳಕಿಗೆ) ಇದೆಯಾ ನೋಡಿ. ಫೋಕಸ್ ಫೇಸ್ ಕಾಂಟ್ರಾಸ್ಟಿನಲ್ಲಿ ಮಾಡಿಕೊಂಡು ಚಿತ್ರ ತೆಗೆಯುವಾಗ ಮಾತ್ರ ಷಟರ್ ತೆರೆಯಿರಿ, ಇಲ್ಲದಿದ್ದರೆ ಹುಡುಕುವಷ್ಟರಲ್ಲೇ ಹೊಳಪು ಸುಟ್ಟುಹೋಗಿರುತ್ತದೆ. ಖಾಲಿ ವೆಕ್ಟರ್ ಹಾಕಿದ ಬಿಎಲ್21 ಕೋಶಗಳನ್ನೂ ಅದೇ ಎಕ್ಸ್‌ಪೋಷರ್, ಅದೇ ಗೇನ್‌ನಲ್ಲಿ ತೆಗೆಯಿರಿ. ಆಟೋ ಎಕ್ಸ್‌ಪೋಷರ್ ಬಿಟ್ಟರೆ ಕಂಟ್ರೋಲ್ ಕೂಡ ಹಸಿರಾಗಿಯೇ ಕಾಣುತ್ತದೆ. ಜೆಪೆಗ್ ಬೇಡ, 16 ಬಿಟ್ ಟಿಫ್‌ನಲ್ಲಿ ಉಳಿಸಿ.