ಹಳೇ ಮಾತನ್ನು ‘ಕೆದಕು’ವುದೋ, ‘ಎತ್ತು’ವುದೋ?

ಬಳಗದವರಿಗೆ ನಮಸ್ಕಾರ.

ಒಂದು ಪದ ಬೇಕಾಗಿದೆ. ಅರ್ಧಕ್ಕೆ ನಿಂತ ಮಾತನ್ನು ಎಷ್ಟೋ ವರ್ಷದ ಮೇಲೆ ಮತ್ತೆ ಶುರು ಮಾಡುತ್ತೇವಲ್ಲ, ಅದಕ್ಕೆ ಏನನ್ನಬೇಕು? ಜಗಳಕ್ಕಲ್ಲ, ಉಳಿದದ್ದನ್ನು ಮುಗಿಸಲಿಕ್ಕೆ.

ನಾನಿರುವುದು ಕಾರವಾರದಲ್ಲಿ, ತವರು ಶಿರಸಿ ಕಡೆ. ನಮ್ಮ ತೋಟಕ್ಕೂ ದೊಡ್ಡಪ್ಪನ ಮನೆ ತೋಟಕ್ಕೂ ನಡುವೆ ಒಂದೇ ಬಸಿಗಾಲುವೆ. ಅದನ್ನು ಇಬ್ಬರೂ ಸೇರಿ ತೋಡಿಸಬೇಕು ಅಂತ ಆರು ವರ್ಷದ ಹಿಂದೆ ಮಾತಾಗಿತ್ತು. ‘ಮುಂದಿನ ಮಳೆಗಾಲದ ಒಳಗೆ ನೋಡೋಣ’ ಅಂದಿದ್ದರು, ಅಲ್ಲಿಗೇ ನಿಂತಿತ್ತು. ಈ ಸಲ ಹೋಗಿ ನೋಡಿದರೆ ಕಾಲುವೆ ಹೂಳು ತುಂಬಿ, ಅಡಿಕೆ ಮರದ ಬುಡದಲ್ಲೇ ನೀರು ನಿಂತಿದೆ. ದೊಡ್ಡಪ್ಪನ ಮಗನಿಗೆ ಮೆಸೇಜ್ ಹಾಕಿದೆ: ‘ಅಣ್ಣ, ಹಳೇ ವಿಷಯ ಕೆದಕುತ್ತಿದ್ದೇನೆ, ಬೇಜಾರಾಗಬೇಡ.’ ಸಂಜೆ ಉತ್ತರ ಬಂತು: ‘ಕೆದಕುವಂಥದ್ದು ನಮ್ಮ ನಡುವೆ ಏನಾಗಿತ್ತು ತಂಗಿ?’

ಅವನು ಹೇಳಿದ್ದು ಸರಿ. ನಾನು ವಿನಯಕ್ಕೆ ಅಂತ ಹಾಕಿದ ಪದ, ಇಲ್ಲದ ಜಗಳವನ್ನು ಇತ್ತು ಅಂತ ಹೇಳಿಬಿಟ್ಟಿತು. ಗಾಯ ಕೆದಕುತ್ತಾರೆ, ಕೋಳಿ ತಿಪ್ಪೆ ಕೆದಕುತ್ತದೆ, ‘ಕೆದಕಿ ಕೆದಕಿ ಕೇಳಿದ’ ಅನ್ನುತ್ತೇವೆ. ಮುಚ್ಚಿದ್ದು ಮುಚ್ಚೇ ಇರಲಿ ಅಂತ ಒಬ್ಬರಿಗಾದರೂ ಅನಿಸಿದ ಕಡೆ ಬರುವ ಪದ ಅದು.

ಹಾಗಾದರೆ ‘ಎತ್ತು’? ‘ಆ ಮಾತು ಮತ್ತೆ ಎತ್ತಿದೆ’ ಅನ್ನಬಹುದು. ಆದರೆ ತಕರಾರು ಎತ್ತುತ್ತೇವೆ, ಆಕ್ಷೇಪ ಎತ್ತುತ್ತೇವೆ. ‘ಅವನ ಸುದ್ದಿ ಎತ್ತಬೇಡ’ ಅನ್ನುವಾಗಲೂ ಹಿಂದೆ ಸಿಟ್ಟಿರುತ್ತದೆ. ‘ತೆಗೆ’ ಇನ್ನೂ ಜಾಸ್ತಿ: ಜಗಳ ತೆಗೆ, ತಂಟೆ ತೆಗೆ, ನೆಪ ತೆಗೆ. ‘ತಿರುಗಿ’ ಅನ್ನುವ ಪದ ನೋಡಿ. ‘ನಾಳೆ ತಿರುಗಿ ಮಾತಾಡೋಣ’ ಅಂದರೆ ಸ್ನೇಹ. ‘ತಿರುಗಿ ಮಾತಾಡಬೇಡ’ ಅಂದರೆ ಗದರಿಕೆ. ‘ಪುನರಾರಂಭ’ ಸರ್ಕಾರಿ ಕಾಗದಕ್ಕೆ ಸರಿ, ಅಣ್ಣನಿಗೆ ಹಾಗೆ ಬರೆಯಲಿಕ್ಕೆ ಆಗುವುದಿಲ್ಲ.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ಮರಾಠಿ ಪದಗಳು ಸಭೆಗಳ ಭಾಷೆಯಲ್ಲಿ ಉಳಿದಿವೆ. ‘ಠರಾವು’ ಅಂದರೆ ಗೊತ್ತುವಳಿ. ಸಭೆಯನ್ನು ಅರ್ಧಕ್ಕೆ ಮುಂದೂಡಿದರೆ ‘ತಹಕೂಬ’ ಆಯಿತು. ಮಾತು ನಿಲ್ಲಿಸಲಿಕ್ಕೆ ಇಷ್ಟು ಚೊಕ್ಕ ಪದ ಬಂತು, ನಿಂತದ್ದನ್ನು ಶುರು ಮಾಡಲಿಕ್ಕೆ ಅಂಥದ್ದೊಂದು ಜೊತೆಗೆ ಬಂದ ಹಾಗಿಲ್ಲ ಅಲ್ವಾ?

ಅಪ್ಪ ಇಂಥ ಮಾತು ಹೇಗೆ ಶುರು ಮಾಡುತ್ತಿದ್ದರು ಅಂತ ನೆನಪು ಮಾಡಿಕೊಂಡೆ. ಅವರು ಈ ಯಾವ ಪದವನ್ನೂ ಬಳಸುತ್ತಿರಲಿಲ್ಲ. ಎಲೆಅಡಿಕೆ ಕವಳ ಹಾಕಿಕೊಂಡು, ಮೊದಲು ಮಾತು ಎಲ್ಲಿ ನಿಂತಿತ್ತು ಅಂತ ಹೇಳುತ್ತಿದ್ದರು: ‘ಅವತ್ತು ನೀನು ಹೀಗೆ ಅಂದಿದ್ದೆ, ನಾನು ಹೀಗೆ ಅಂದಿದ್ದೆ.’ ಆಮೇಲೆ, ‘ಈಗ ಹೊಸದಾಗಿ ಹೀಗಾಗಿದೆ.’ ಕೊನೆಗೆ, ‘ನಿನ್ನ ಯೋಚನೆ ಈಗ ಬೇರೆ ಇರಬಹುದು, ಹೇಳು.’ ಹಳೇ ಮಾತಿಗೆ ಯಾರನ್ನೂ ಕಟ್ಟಿಹಾಕುತ್ತಿರಲಿಲ್ಲ. ಹೊಸದಾಗಿ ಹೇಳುವುದು ಏನೂ ಇಲ್ಲದಿದ್ದರೆ ಆ ಸುದ್ದಿಗೇ ಹೋಗುತ್ತಿರಲಿಲ್ಲ. ‘ನಾನು ಆಗಲೇ ಹೇಳಿದ್ದೆ’ ಅನ್ನಲಿಕ್ಕೆ ಮಾತ್ರ ಹಳೇದನ್ನು ತರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನಗೂ ಅದು ತಪ್ಪು ಅಂತಲೇ ಅನಿಸುತ್ತದೆ.

ಇನ್ನೊಂದು ನೆನಪು ಬಚ್ಚಲ ಒಲೆಯದು. ರಾತ್ರಿ ಅಮ್ಮ ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ನಾನು ಕಡ್ಡಿ ಹಿಡಿದು ತಿವಿದರೆ, ‘ಕೆದಕಡ, ಕಿಡಿ ಹಾರ್ತು’ ಅನ್ನುತ್ತಿದ್ದಳು. ತಾನು ಕೈಯಲ್ಲಿ ಬೂದಿಯನ್ನು ಬದಿಗೆ ಸರಿಸಿ, ಒಳಗಿನ ಕೆಂಪು ಕಂಡ ಮೇಲೆ ಅಡಿಕೆ ಸಿಪ್ಪೆ ಹಾಕಿ ಊದುತ್ತಿದ್ದಳು. ಅವಳು ಮಾಡುತ್ತಿದ್ದದ್ದಕ್ಕೆ ‘ಬೆಂಕಿ ಒಟ್ಟುವುದು’ ಅಂತ ಹೆಸರು. ಒಲೆ ಅದೇ, ಕೆಂಡ ಅದೇ, ಕೆಲಸಕ್ಕೆ ಮಾತ್ರ ಎರಡು ಪದ. ಮಾತಿನ ವಿಷಯದಲ್ಲಿ ನನ್ನ ಹತ್ತಿರ ಮೊದಲನೆಯದಷ್ಟೇ ಇದೆ.

ಈಗ ನನ್ನ ಪ್ರಶ್ನೆ. ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಮನೆಮಾತಿನಲ್ಲಿ ಇದಕ್ಕೆ ಬೇರೆ ಪದ ಇದೆಯಾ? ಹಾಲಕ್ಕಿ ಒಕ್ಕಲಿಗರ, ನಾಡವರ ಆಡುಮಾತು ಬಲ್ಲವರು ಹೇಳಿದರೆ ತುಂಬಾ ಉಪಕಾರ. ಕೊಂಕಣಿಯಲ್ಲಿ ಹೇಗೆ ಹೇಳುತ್ತೀರಿ ಅಂತಲೂ ತಿಳಿಸಿ. ಒಂದೇ ಪದ ಸಿಗದಿದ್ದರೆ ‘ನಿಂತ ಮಾತು ಹಿಡಿ’ ಅಂತ ಬಳಸಬಹುದಾ? ‘ನಿಂತ ಕೆಲಸ ಹಿಡಿದೆ’ ಅನ್ನುವುದು ಹೇಗೂ ಇದೆ. ಕಿವಿಗೆ ಸರಿ ಕೇಳುತ್ತದಾ ಅನ್ನುವುದು ನೀವೇ ಹೇಳಬೇಕು.

ಅಣ್ಣನಿಗೆ ಮಾರನೇ ದಿನ ಫೋನ್ ಮಾಡಿ, ‘ಅವತ್ತು ಕಾಲುವೆ ಮಾತು ಮಳೆಗಾಲಕ್ಕೆ ನಿಂತಿತ್ತಲ್ಲ’ ಅಂತ ಶುರು ಮಾಡಿದೆ. ‘ಹೌದು, ನಂಗೂ ಅದೇ ತಲೇಲಿತ್ತು’ ಅಂದ. ನೀರು ಇಳಿದ ಮೇಲೆ ಆಳು ಕರೆಸುವುದು ಅಂತಾಗಿದೆ.