ಎಲ್ಲರೂ ಸೇರಿ ಒಂದೇ ಪುಸ್ತಕ ಓದುವ ಕಾರ್ಯಕ್ರಮ: ಮಾಡಿ ನೋಡಿದವರು ಹೇಳಿ

ಕೇಳಿದವರು:
ನಮ್ಮ ವಾಚನಾಲಯದಲ್ಲಿ ಲೇಖಕರೊಬ್ಬರನ್ನು ಕರೆಸಿ ಸಂವಾದ ಇಟ್ಟಿದ್ದೆವು. ಸಭಾಂಗಣ ತುಂಬಿತ್ತು. ಬಂದವರು ಮಾತು ಕೇಳಿದರು, ಸಹಿ ಹಾಕಿಸಿಕೊಂಡರು, ಹೊರಟರು. ಪಕ್ಕದ ಕುರ್ಚಿಯವರ ಹೆಸರು ಕೂಡ ಯಾರೂ ಕೇಳಲಿಲ್ಲ. ಈ ಸಲ ಸುತ್ತಮುತ್ತಲಿನವರೆಲ್ಲ ಒಂದೇ ಪುಸ್ತಕ ಓದುವಂಥದ್ದೇನಾದರೂ ಮಾಡೋಣ ಅಂತಿದ್ದೇವೆ. ಪುಸ್ತಕ ಆರಿಸುವುದು ಹೇಗೆ? ಲೇಖಕರನ್ನು ಯಾವಾಗ ಕರೆಯಬೇಕು? ಓದದೇ ಬರುವವರನ್ನು ಏನು ಮಾಡಬೇಕು?

ಗ್ರಂಥಪಾಲಕಿ:
ಲೇಖಕರನ್ನು ಕೊನೆಗೆ ಕರೆಯಿರಿ. ನನ್ನ ಮಟ್ಟಿಗೆ ಅರ್ಧ ಉತ್ತರ ಇದೇ.

ಈ ಬಗೆಯ ಓದಿಗೆ ದಾರಿ ಹಾಕಿದ್ದು ಅಮೆರಿಕದ ಸಿಯಾಟಲ್ ನಗರ. ಸಿಯಾಟಲ್‌ನವರೆಲ್ಲ ಒಂದೇ ಪುಸ್ತಕ ಓದಿದರೆ ಹೇಗೆ ಅನ್ನುವ ಪ್ರಶ್ನೆಯನ್ನೇ ಹೆಸರಾಗಿಟ್ಟುಕೊಂಡು 1998ರಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ನ್ಯಾನ್ಸಿ ಪರ್ಲ್ ಮತ್ತು ಸಂಗಡಿಗರು ಶುರುಮಾಡಿದರು. 2001ರಲ್ಲಿ ಶಿಕಾಗೊ ಅದನ್ನೇ ಕೈಗೆತ್ತಿಕೊಂಡ ಮೇಲೆ ಬೇರೆ ಬೇರೆ ನಗರಗಳಿಗೂ ಹಬ್ಬಿತು. ಅಲ್ಲಿಂದ ಕಲಿಯಬೇಕಾದದ್ದು ಕ್ರಮವನ್ನು: ಮೊದಲು ಚಿಕ್ಕ ಚಿಕ್ಕ ಗುಂಪುಗಳು ಓದಿ ಮಾತಾಡುತ್ತವೆ, ಆಮೇಲೆ ಲೇಖಕರು ಬರುತ್ತಾರೆ. ಮೊದಲೇ ಬಂದರೆ ಅವರು ಹೇಳಿದ್ದೇ ಸರಿಯಾದ ಅರ್ಥವೆಂದು ಜನ ಒಪ್ಪಿಬಿಡುತ್ತಾರೆ. ಬರೆದವರೇ ಹೇಳಿದ ಮೇಲೆ ಜಗಳವಾಡಲು ಏನು ಉಳಿಯಿತು?

ಗುಂಪಿಗೆ ಎಂಟು ಹತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಇಬ್ಬರು ಮಾತಾಡುತ್ತಾರೆ, ಮಿಕ್ಕವರು ಗಡಿಯಾರ ನೋಡುತ್ತಾರೆ. ವೇದಿಕೆ ಬೇಡ, ಸುತ್ತಲೂ ಕುರ್ಚಿ ಹಾಕಿ. ಗುಂಪು ನಡೆಸುವವರು ಸಾಹಿತ್ಯದ ಪಂಡಿತರೇ ಆಗಬೇಕಿಲ್ಲ (ಆಗದಿದ್ದರೇ ಒಳ್ಳೆಯದು ಅನ್ನಿಸಿದ್ದುಂಟು), ಸುಮ್ಮನಿರಲು ಬಂದರೆ ಸಾಕು. ‘ಪುಸ್ತಕ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಅನ್ನುವಲ್ಲಿಗೆ ಮುಗಿಯುತ್ತದೆ. ‘ಯಾರ ಮೇಲೆ ಸಿಟ್ಟು ಬಂತು?’ ಎಂದು ಕೇಳಿ ನೋಡಿ.

ಓದುಗರ ಬಳಗ ನಡೆಸುವವರು:
ಆಯ್ಕೆಯ ವಿಷಯದಲ್ಲಿ ಒಂದು ಎಚ್ಚರಿಕೆ. 2002ರಲ್ಲಿ ನ್ಯೂಯಾರ್ಕ್ ನಗರ ಇದೇ ಪ್ರಯತ್ನಕ್ಕೆ ಕೈಹಾಕಿದಾಗ ಆಯ್ಕೆ ಮಾಡಬೇಕಾದವರೇ ಎರಡು ಪುಸ್ತಕಗಳ ನಡುವೆ ಒಡೆದುಹೋದರು. ಯಾವ ಪುಸ್ತಕ ಯಾವ ಸಮುದಾಯಕ್ಕೆ ನೋವು ಮಾಡೀತು ಅನ್ನುವ ವಾದ ಬೆಳೆದು ನಗರವೆಲ್ಲ ಒಂದು ಪುಸ್ತಕ ಓದುವ ಮಾತು ಅಲ್ಲೇ ನಿಂತಿತು. ಯಾರಿಗೂ ಬೇಸರವಾಗದ ಪುಸ್ತಕ ಹುಡುಕಲು ಹೊರಟರೆ ಯಾರಿಗೂ ಬೇಡದ ಪುಸ್ತಕ ಸಿಗುತ್ತದೆ. ಪಟ್ಟಿಗೆ ಎಲ್ಲರ ಸಲಹೆ ತೆಗೆದುಕೊಳ್ಳಿ. ತೀರ್ಮಾನ ಮಾತ್ರ ಮೂರು ನಾಲ್ಕು ಜನರದ್ದಿರಲಿ, ಅದಕ್ಕೊಂದು ಗಡುವೂ ಇರಲಿ.

ತೀರಾ ದಪ್ಪ ಪುಸ್ತಕ ಬೇಡ. ಪ್ರತಿಗಳು ಮಾರುಕಟ್ಟೆಯಲ್ಲಿವೆಯೇ ಎಂದು ಪ್ರಕಾಶಕರನ್ನು ವಿಚಾರಿಸದೆ ಹೆಸರು ಘೋಷಿಸಲೇಬೇಡಿ. ಪ್ರಚಾರವೆಲ್ಲ ಆದಮೇಲೆ ‘ಮರುಮುದ್ರಣ ಆಗಿಲ್ಲ’ ಎಂದು ಕೇಳುವುದಕ್ಕಿಂತ ಸಂಕಟ ಇನ್ನೊಂದಿಲ್ಲ. ಹಾಗಂತ ಜೆರಾಕ್ಸ್ ಮಾಡಿಸಿ ಹಂಚಬೇಡಿ. ಕೃತಿಸ್ವಾಮ್ಯದ ಪ್ರಶ್ನೆ ಬರುತ್ತದೆ, ಮೇಲಾಗಿ ಆ ಲೇಖಕರನ್ನೇ ಅತಿಥಿಯಾಗಿ ಕರೆಯುವವರು ನೀವು. ಇರುವ ಪ್ರತಿಗಳನ್ನೇ ಕೈಯಿಂದ ಕೈಗೆ ದಾಟಿಸಿ. ಓದಿದವರು ಹಿಂಬದಿಯ ಖಾಲಿ ಹಾಳೆಯಲ್ಲಿ ಒಂದು ಸಾಲು ಬರೆದು ಮುಂದಿನವರಿಗೆ ಕೊಡಲಿ. ಮುಖ ನೋಡದವರ ನಡುವೆಯೂ ಅಲ್ಲಿ ಮಾತುಕತೆ ಹುಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಪುಸ್ತಕದಷ್ಟೇ ಆಸೆಯಿಂದ ಆ ಹಾಳೆಯನ್ನೂ ಓದುತ್ತಿದ್ದರು.

ಇನ್ನೊಬ್ಬರು:
ಓದದೇ ಬಂದವರ ಬಗ್ಗೆ. ದಯವಿಟ್ಟು ‘ಎಷ್ಟು ಜನ ಓದಿದ್ದೀರಿ, ಕೈ ಎತ್ತಿ’ ಎಂದು ಕೇಳಬೇಡಿ. ಕೈ ಎತ್ತದವರು ಮುಂದಿನ ಸಲ ಬರುವುದಿಲ್ಲ. ಶುರುವಿನಲ್ಲಿ ಎರಡು ಮೂರು ಪುಟ ಗಟ್ಟಿಯಾಗಿ ಓದಿಸಿ, ಆ ಪುಟಗಳ ಮೇಲೆಯೇ ಮೊದಲ ಪ್ರಶ್ನೆ ಕೇಳಿ. ಆಗ ಓದಿದವರೂ ಓದದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕಣ್ಣು ಕಾಣದವರನ್ನೂ ಮರೆಯಬೇಡಿ. ಅವರಿಗೆ ಬ್ರೈಲ್ ಅಥವಾ ಧ್ವನಿ ರೂಪದ ಪ್ರತಿ ಸಿಗುವಂತೆ ಕೃತಿಸ್ವಾಮ್ಯ ಕಾನೂನಿನಲ್ಲಿ ವಿನಾಯಿತಿ ಇರಬೇಕೆಂದೇ 2013ರಲ್ಲಿ ಮರ್ರಕೇಶ್ ಒಪ್ಪಂದ ಆಗಿದೆ. ಅಂಥ ಪ್ರತಿ ಒದಗಿಸುವ ಸಂಸ್ಥೆಗಳನ್ನು ಆದಷ್ಟು ಬೇಗ ಸಂಪರ್ಕಿಸಿ, ಸಮಯ ಹಿಡಿಯುತ್ತದೆ.

ಮಾತು ಕಡಿಮೆಯವನು:
ಎಲ್ಲರೂ ಮಾತಾಡಲೇಬೇಕೆಂಬ ಹಟ ಯಾಕೆ? ಒಂದೆಡೆ ಕೂತು ತಮ್ಮ ತಮ್ಮ ಪುಸ್ತಕ ಮೌನವಾಗಿ ಓದುವ ಕೂಟಗಳೂ ಇವೆಯಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಬ್ಬರು ಗೆಳತಿಯರು ಶುರುಮಾಡಿದ ಸೈಲೆಂಟ್ ಬುಕ್ ಕ್ಲಬ್ ಈಗ ಎಷ್ಟೋ ದೇಶಗಳಲ್ಲಿದೆ. ನನ್ನಂಥವರು ಒಂದು ಗಂಟೆ ಸುಮ್ಮನೆ ಓದಿದ ಮೇಲೆಯೇ ಪಕ್ಕದವರನ್ನು ‘ಅದು ಯಾವ ಪುಸ್ತಕ?’ ಎಂದು ಕೇಳುವುದು. ನಿಮ್ಮ ಕಾರ್ಯಕ್ರಮದಲ್ಲಿ ಅಂಥದ್ದೂ ಒಂದು ಸಂಜೆ ಇರಲಿ.

ಬರೆಯುವವಳು:
ವೇದಿಕೆಯ ಆ ಕಡೆಯಿಂದ ನಾಲ್ಕು ಮಾತು. ಗೌರವಧನ ಎಷ್ಟು, ಪ್ರಯಾಣದ ಖರ್ಚು ಯಾರದು ಎಂಬುದನ್ನು ಕರೆಯುವಾಗಲೇ ಹೇಳಿಬಿಡಿ. ಕೊಡಲಾಗದಿದ್ದರೆ ಅದನ್ನೂ ಹೇಳಿ. ‘ನಿಮಗೆ ಪ್ರಚಾರ ಸಿಗುತ್ತದೆ’ ಎಂಬ ಮಾತು ಮಾತ್ರ ಬೇಡ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ ಎಲ್ಲ ಮುಗಿದು ನನ್ನ ಸರದಿ ಬರುವ ಹೊತ್ತಿಗೆ ಹಿಂದಿನ ಸಾಲು ಖಾಲಿಯಾಗಿರುತ್ತದೆ. ಭಾಷಣ ಬೇಡ ಅಂದರೆ ನಮಗೂ ಖುಷಿಯೇ. ಪುಸ್ತಕ ಓದಿರುವ ಒಬ್ಬರನ್ನು ಎದುರು ಕೂರಿಸಿ, ಮಾತುಕತೆ ಸಾಕು.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸಂಕೋಚದವರ ಪ್ರಶ್ನೆಗೂ ಜಾಗ ಸಿಗುತ್ತದೆ, ‘ನನ್ನದು ಪ್ರಶ್ನೆಯಲ್ಲ, ಒಂದು ಸಣ್ಣ ಅನಿಸಿಕೆ’ ಎಂದು ಮೈಕ್ ಹಿಡಿದು ಹತ್ತು ನಿಮಿಷ ಬಿಡದ ಮಹನೀಯರೂ ತಪ್ಪುತ್ತಾರೆ. ಅದಕ್ಕಿಂತ ಚೆಂದದ್ದು, ನಿಮ್ಮ ಗುಂಪುಗಳಲ್ಲಿ ಬಗೆಹರಿಯದೆ ಉಳಿದ ಜಗಳವನ್ನೇ ನನ್ನ ಮುಂದೆ ತಂದಿಡುವುದು. ‘ಅವಳು ಮನೆ ಬಿಟ್ಟದ್ದು ಸರಿಯೇ ಅಂತ ನಮ್ಮಲ್ಲಿ ಎರಡು ಪಕ್ಷವಾಗಿದೆ’ ಎಂದು ಯಾರಾದರೂ ಎದ್ದು ಹೇಳಿದರೆ ನಾನು ಉತ್ತರಿಸುವ ಮೊದಲೇ ಸಭೆಯವರು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಾರೆ. ಹಾಗಾದಾಗ ನಿರೂಪಕರು ಅವರನ್ನು ಸುಮ್ಮನಾಗಿಸಲು ಹೋಗಬಾರದು.

ಗ್ರಂಥಪಾಲಕಿ:
ಬಿಟ್ಟುಹೋದದ್ದೊಂದಿದೆ. ಸಹಿ ಹಾಕಿಸಿಕೊಳ್ಳುವ ಸಾಲನ್ನು ಬಾಗಿಲ ಪಕ್ಕ ಇಡಬೇಡಿ, ಸಹಿ ಸಿಕ್ಕಿದ ಕೂಡಲೇ ಜನ ಹೊರಗೆ ನಡೆಯುತ್ತಾರೆ. ಒಳಗಿನ ಮೂಲೆಯಲ್ಲಿರಲಿ, ಪಕ್ಕದಲ್ಲಿ ನಾಲ್ಕು ಕುರ್ಚಿ, ಮುಂದಿನ ಪುಸ್ತಕಕ್ಕೆ ಹೆಸರು ಸೂಚಿಸುವ ವಹಿ ಇರಲಿ. ಮುಂದಿನ ಭೇಟಿಯ ದಿನಾಂಕವನ್ನು ಆ ವಹಿಯ ಮೇಲೆಯೇ ದೊಡ್ಡದಾಗಿ ಬರೆದಿಡಿ.